ತಿಳಿನೀರಲ್ಲೂ ಮೀನಿಗೆ ಸಂಕಟವೇಕೆ?

ಕಿನ್ನಾಳಕ್ಕೆ ಕಡಲು ಬಲುದೂರ. ಆದರೂ ಮಕ್ಕಳ ಹಟಕ್ಕೆ ನಮ್ಮ ಮನೆಗೆ ಉಪ್ಪುನೀರಿನ ಮೀನಿನ ತೊಟ್ಟಿ ಬಂತು. ನಾಲ್ಕನೇ ದಿನ ಮೀನುಗಳು ಮೇಲೆ ಬಂದು ಏದುಸಿರು ಬಿಡತೊಡಗಿದವು. ಬೆಳಗಾಗುವಷ್ಟರಲ್ಲಿ ಒಂದು ಸತ್ತಿತ್ತು. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು!

ತಪ್ಪು ನಮ್ಮ ಆತುರದ್ದು. ಮೀನಿನ ಮಲ, ಉಳಿದ ಆಹಾರದಿಂದ ಅಮೋನಿಯಾ ಎಂಬ ಕಾಣದ ವಿಷ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಬೇಡಿ.

ಈಗಾಗಲೇ ಬಿಟ್ಟಿದ್ದರೆ ಆಹಾರ ತಗ್ಗಿಸಿ, ಗಾಳಿಯ ಪಂಪು ಓಡಿಸಿ, ಕಾಲುಭಾಗ ನೀರು ಬದಲಿಸಿ. ಹೊಸ ನೀರಿನ ಉಪ್ಪು, ಬಿಸಿ ಹಳೆಯದಕ್ಕೆ ಸಮನಾಗಿರಲಿ. ಅಡುಗೆ ಉಪ್ಪು ಸಲ್ಲದು. ಆವಿಯಾದಷ್ಟಕ್ಕೆ ಶುದ್ಧ ಸಿಹಿನೀರನ್ನೇ ತುಂಬಿ, ಉಪ್ಪು ಆವಿಯಾಗುವುದಿಲ್ಲ.

ಜೀವವೊಂದನ್ನು ಮನೆಗೆ ತಂದ ಮೇಲೆ ಅದರ ಹೊಣೆ ನಮ್ಮದೇ ಅಲ್ಲವೇ?