ಕಾಡು ದೊಡ್ಡದಿದ್ದರೆ ಜಿಂಕೆಯೂ ಹೆಚ್ಚಿರುತ್ತದೆಯೇ? ಕಾರವಾರ–ಅಂಕೋಲಾ ಘಟ್ಟದ ಲೆಕ್ಕ

ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿದವರಿಗೆ, ಅಂಕೋಲಾದಿಂದ ಅರಬೈಲ್ ಘಟ್ಟದ ಮೂಲಕ ಯಲ್ಲಾಪುರಕ್ಕೆ ಹೋದವರಿಗೆ ಒಂದು ಅನುಮಾನ ಬಂದೇ ಬಂದಿರುತ್ತದೆ. ಎರಡೂ ಕಡೆ ಕಣ್ಣು ಹಾಯುವವರೆಗೆ ಕಾಡು, ಆದರೆ ಒಂದು ಜಿಂಕೆಯೂ ಕಾಣಲಿಲ್ಲ! ಬಂಡೀಪುರದ ರಸ್ತೆಯಲ್ಲಾದರೆ ಹಿಂಡು ಹಿಂಡಾಗಿ ನಿಂತಿರುತ್ತವೆ. ಇದಕ್ಕೆ ಊರಿನಲ್ಲಿ ಎರಡು ರೀತಿಯ ಉತ್ತರ ಸಿಗುತ್ತದೆ. "ಎಲ್ಲಾ ಹೊಡೆದು ತಿಂದು ಮುಗಿಸಿದ್ದಾರೆ" ಎನ್ನುವುದು ಒಂದು. "ಇಷ್ಟು ದೊಡ್ಡ ಕಾಡಿನಲ್ಲಿ ಬೇಕಾದಷ್ಟಿವೆ, ಒಂದೆರಡು ಹೊಡೆದರೆ ಏನೂ ಆಗುವುದಿಲ್ಲ" ಎನ್ನುವುದು ಇನ್ನೊಂದು. ಈಗ ಮೊಬೈಲ್‌ನಲ್ಲಿ ಅಮೆರಿಕದ ಬಿಲ್ಲು ಬೇಟೆಯ ವೀಡಿಯೊ ನೋಡಿ, "ಬಿಲ್ಲಿಗೆ ಲೈಸೆನ್ಸ್ ಬೇಡವಲ್ಲ?" ಎಂದು ಕೇಳುವವರೂ ಇದ್ದಾರೆ. ಇವುಗಳಲ್ಲಿ ನಿಜ ಎಷ್ಟು, ತಪ್ಪು ಎಷ್ಟು ಎಂದು ಒಂದೊಂದಾಗಿ ನೋಡೋಣ.

ದಟ್ಟ ಹಸಿರು ಎಂದರೆ ತುಂಬಿದ ತಟ್ಟೆಯೇ?

ಅಲ್ಲ. ನಮಗೆ ಹಸಿರಾಗಿ ಕಾಣುವುದೆಲ್ಲ ಜಿಂಕೆಗೆ ಆಹಾರವಲ್ಲ. ಕರಾವಳಿಗೆ ತಾಗಿದ ಘಟ್ಟದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಇಲ್ಲಿನ ನಿತ್ಯಹರಿದ್ವರ್ಣ ಕಾಡಿನಲ್ಲಿ ಮರಗಳ ತಲೆ ಒಂದಕ್ಕೊಂದು ಕೂಡಿಕೊಂಡು ಮೇಲೆ ಚಪ್ಪರ ಹಾಕಿದಂತೆ ಇರುತ್ತದೆ. ಎಲೆ, ಚಿಗುರು, ಹಣ್ಣು ಎಲ್ಲವೂ ಆ ಚಪ್ಪರದಲ್ಲಿ. ಮಂಗಕ್ಕೆ, ಕೆಂದಳಿಲಿಗೆ, ಮಂಗಟ್ಟೆ ಹಕ್ಕಿಗೆ ಅದು ಹಬ್ಬ. ನೆಲಕ್ಕೆ ಬಿಸಿಲು ಬೀಳುವುದು ಕಡಿಮೆ, ಹಾಗಾಗಿ ಹುಲ್ಲೂ ಕಡಿಮೆ. ಕೈಗೆಟಕುವ ಎಲೆಗಳೂ ಸಾಮಾನ್ಯವಾಗಿ ದಪ್ಪ, ಒಗರು, ಜೀರ್ಣಿಸಲು ಕಷ್ಟ.

ಚುಕ್ಕೆ ಜಿಂಕೆ ಮುಖ್ಯವಾಗಿ ಹುಲ್ಲು ಮೇಯುವ ಪ್ರಾಣಿ. ಅದಕ್ಕೆ ಬೇಕಾದದ್ದು ಬಿಸಿಲು ಬೀಳುವ ತೆರವು, ಕಾಡಿನ ಅಂಚು, ಎಲೆ ಉದುರುವ ಕಾಡು. ನಾಗರಹೊಳೆಯ ಅಂಥ ಕಾಡಿನಲ್ಲಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು ಮಾಡಿದ ಎಣಿಕೆಯಲ್ಲಿ ಒಂದು ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆಗಳಿದ್ದವು. ಘಟ್ಟದ ಮಳೆಕಾಡಿನಿಂದ ಅಂಥ ಸಂಖ್ಯೆಯನ್ನು ನಿರೀಕ್ಷಿಸುವಂತಿಲ್ಲ. ನಮ್ಮ ಜಿಲ್ಲೆಯಲ್ಲೇ ದಾಂಡೇಲಿ ಕಡೆಯ ಎಲೆ ಉದುರುವ ಕಾಡಿನಲ್ಲಿ ಚುಕ್ಕೆ ಜಿಂಕೆ ಕಂಡಷ್ಟು ಸುಲಭವಾಗಿ ಅಣಶಿಯ ಇಳಿಜಾರಿನಲ್ಲಿ ಕಾಣುವುದಿಲ್ಲ.

ಆದ್ದರಿಂದ "ಎಲ್ಲಾ ಹೊಡೆದು ಮುಗಿಸಿದ್ದಾರೆ" ಎನ್ನುವುದು ಅರ್ಧ ಸತ್ಯ. ಬೇಟೆಯಿಂದ ಸಂಖ್ಯೆ ಕುಸಿಯುವುದು ಹೌದು. ಆದರೆ ಒಬ್ಬ ಬೇಟೆಗಾರನೂ ಇಲ್ಲದಿದ್ದರೂ ಇಂಥ ಕಾಡಿನಲ್ಲಿ ಜಿಂಕೆ ವಿರಳವೇ.

ಕಾಣದಿದ್ದರೆ ಇಲ್ಲವೆಂದು ಅರ್ಥವೇ?

ಅದೂ ಅಲ್ಲ. ಘಟ್ಟದ ಒಳಗಾಡಿನಲ್ಲಿರುವುದು ಕಡವೆ, ಕಾಡುಕುರಿ ಮತ್ತು ಬರ್ಕ. ಕಡವೆ ಹೆಚ್ಚಾಗಿ ಓಡಾಡುವುದು ರಾತ್ರಿ. ಕಾಡುಕುರಿ ಒಂಟಿ ಪ್ರಾಣಿ. ನಾಯಿ ಬೊಗಳಿದಂತೆ ಅದು ಕೂಗುವುದನ್ನು ಕೇಳಿದವರು ಹಲವರು, ಕಣ್ಣಾರೆ ನೋಡಿದವರು ಕೆಲವರು. ಬರ್ಕ ಸುಮಾರು ಮೂರು ಕಿಲೋ ತೂಗುವ, ರಾತ್ರಿ ಸಂಚಾರಿ ಪುಟ್ಟ ಪ್ರಾಣಿ. ಅದಕ್ಕೆ ಕೊಂಬೇ ಇಲ್ಲ. ವಿಜ್ಞಾನದ ವರ್ಗೀಕರಣದಲ್ಲಿ ಅದು ನಿಜವಾದ ಜಿಂಕೆಯೂ ಅಲ್ಲ, ಬೇರೆಯೇ ಕುಟುಂಬ. ಇದಕ್ಕಾಗಿಯೇ ಸಂಶೋಧಕರು ಕಣ್ಣನ್ನಷ್ಟೇ ನಂಬುವುದಿಲ್ಲ. ಹಿಕ್ಕೆ, ಗೊರಸಿನ ಗುರುತು, ಕ್ಯಾಮೆರಾ ಟ್ರ್ಯಾಪ್, ನಿಗದಿತ ದಾರಿಯಲ್ಲಿ ನಡೆದು ಕಂಡ ಪ್ರಾಣಿಯ ದೂರ ಅಳೆಯುವ ವಿಧಾನ, ಇವನ್ನೆಲ್ಲ ಬಳಸುತ್ತಾರೆ.

ಅಮೆರಿಕದಲ್ಲಿ ಬಿಲ್ಲು ಬೇಟೆ ಕಾನೂನುಬದ್ಧ ಅಲ್ಲವೇ?

ಹೌದು. ಆದರೆ ಅಲ್ಲಿನ ಲೆಕ್ಕವೇ ಬೇರೆ. 1900ರ ಹೊತ್ತಿಗೆ ಅಮೆರಿಕದ ಬಿಳಿಬಾಲದ ಜಿಂಕೆಗಳು ಸುಮಾರು ಐದು ಲಕ್ಷಕ್ಕೆ ಇಳಿದಿದ್ದವು. ಕಟ್ಟುನಿಟ್ಟಿನ ನಿಯಂತ್ರಣದ ನಂತರ ಅವು ಚೇತರಿಸಿಕೊಂಡವು. ಈಗಿನ ಅಂದಾಜು ಸುಮಾರು ಮೂರು ಕೋಟಿ. ಹೊಲ ಮತ್ತು ಕುರುಚಲು ಕಾಡು ಬೆರೆತ ಜಾಗ ಅವಕ್ಕೆ ಚೆನ್ನಾಗಿ ಒಗ್ಗುತ್ತದೆ. ಬಹುತೇಕ ಕಡೆ ಅವನ್ನು ತಿನ್ನುವ ತೋಳಗಳೂ ಉಳಿದಿಲ್ಲ. ಜೊತೆಗೆ ಹೆಣ್ಣು ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ನಮ್ಮ ಕಡವೆ, ಕಾಡುಕುರಿ ಹಾಕುವುದು ಸಾಮಾನ್ಯವಾಗಿ ಒಂದೇ ಮರಿ.

ಅಲ್ಲಿಯೂ ಮೇನ್ ರಾಜ್ಯದಂಥ ಕಡೆ, ಮೈಲಿಗಟ್ಟಲೆ ಹಬ್ಬಿದ ದಟ್ಟ ಕಾಡಿನಲ್ಲಿ ಬಿಳಿಬಾಲದ ಜಿಂಕೆ ವಿರಳ. ಕಾರಣದ ಒಂದು ಭಾಗ ಇಲ್ಲಿನದೇ: ಮುಚ್ಚಿದ ಕಾಡಿನ ನೆಲದಲ್ಲಿ ಮೇವಿಲ್ಲ. ಇನ್ನೊಂದು ಭಾಗ ಹಿಮ. ಅಂಥ ಕಡೆ ಹೆಣ್ಣು ಜಿಂಕೆ ಹೊಡೆಯಲು ಸರ್ಕಾರ ಎಣಿಸಿ ಪರವಾನಗಿ ಕೊಡುತ್ತದೆ. ಬೇಟೆಗೆ ಅವಕಾಶವಿರುವ ದೇಶವೂ ವಿರಳವಾದಲ್ಲಿ ಕೈ ಬಿಗಿ ಹಿಡಿಯುತ್ತದೆ.

ಬಿಲ್ಲು ಸದ್ದಿಲ್ಲದ ಆಯುಧವೇ?

ಪೂರ್ತಿ ಅಲ್ಲ. ಆಧುನಿಕ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ವೇಗದಲ್ಲಿ ಹೋಗುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಜಿಂಕೆ 25 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಹೆದೆಯ ಸದ್ದು 0.07 ಸೆಕೆಂಡಿನಲ್ಲಿ ಕಿವಿಗೆ ಮುಟ್ಟುತ್ತದೆ, ಬಾಣ ತಲುಪಲು 0.28 ಸೆಕೆಂಡ್ ಬೇಕು. ನಡುವಿನ 0.2 ಸೆಕೆಂಡಿನಲ್ಲಿ ಬೆದರಿದ ಜಿಂಕೆ ಓಡಲು ಮೈ ಕುಗ್ಗಿಸುತ್ತದೆ, ಗುರಿ ತಪ್ಪುತ್ತದೆ. ಹಳೆಯ ಕಾಲದ ಮರದ ಬಿಲ್ಲಿನ ಬಾಣ ಇನ್ನೂ ನಿಧಾನ.

ಬಾಣ ಕೊಲ್ಲುವುದು ರಕ್ತಸ್ರಾವದಿಂದ. ಸರಿಯಾದ ಜಾಗಕ್ಕೆ ಬೀಳದಿದ್ದರೆ ಗಾಯಗೊಂಡ ಪ್ರಾಣಿ ಕಾಡೊಳಗೆ ಓಡಿ, ಗಂಟೆಗಟ್ಟಲೆ ಅಥವಾ ದಿನಗಟ್ಟಲೆ ನರಳಿ ಸಾಯಬಹುದು. ಘಟ್ಟದ ಇಳಿಜಾರಿನಲ್ಲಿ ಅದರ ಜಾಡು ಹಿಡಿಯುವುದು ಸುಲಭವಲ್ಲ. ಹೊಡೆದವನಿಗೂ ಸಿಗದು, ಕಾಡಿಗೂ ಉಳಿಯದು.

"ಬಿಲ್ಲಿಗೆ ಲೈಸೆನ್ಸ್ ಬೇಡ, ಹಾಗಾಗಿ ತಪ್ಪಲ್ಲ"

ಇದು ಶುದ್ಧ ತಪ್ಪು ತಿಳಿವಳಿಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಯಾವುದು ಎಂದು ಕೇಳುವುದಿಲ್ಲ. ಕೋವಿ, ಬಿಲ್ಲು, ಉರುಳು, ಬಲೆ, ವಿಷ ಎಲ್ಲವೂ ಬೇಟೆಯೇ. ಪ್ರಯತ್ನವೂ ಬೇಟೆಯೇ, ಅಂದರೆ ಬಾಣ ಗುರಿ ತಪ್ಪಿದರೂ ಅಪರಾಧ ಆಗಿಹೋಗಿರುತ್ತದೆ. 1991ರ ತಿದ್ದುಪಡಿಯ ನಂತರ ಪರವಾನಗಿ ಪಡೆದು ಮೋಜಿಗೆ ಬೇಟೆಯಾಡುವ ದಾರಿಯೂ ಮುಚ್ಚಿದೆ. ಬರ್ಕ ಮೊದಲ ಪರಿಚ್ಛೇದದಲ್ಲಿರುವ ಪ್ರಾಣಿ. ಅದನ್ನು ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು.

"ನಮ್ಮ ಹಿರಿಯರ ಕಾಲದಿಂದ ಬಂದ ಹಕ್ಕು" ಎನ್ನುವ ಮಾತೂ ಉಂಟು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರ ಹಲವು ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿದೆ. ಆದರೆ ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ.

ಒಂದೆರಡು ಹೊಡೆದರೆ ಏನಾಗುತ್ತದೆ?

ಒಂದು ಉದಾಹರಣೆ ಲೆಕ್ಕ ಹಾಕೋಣ. ಒಂದು ಕಣಿವೆಯಲ್ಲಿ 10 ಕಾಡುಕುರಿಗಳಿವೆ, ಅದರಲ್ಲಿ 5 ಹೆಣ್ಣು ಎಂದುಕೊಳ್ಳಿ. ವರ್ಷಕ್ಕೆ ಐದು ಮರಿ. ಚಿರತೆ, ಸೀಳುನಾಯಿ, ರೋಗ ಎಂದು ಮೂರು ಹೋದರೆ ಉಳಿಯುವುದು ಎರಡು. ಅವು ಅದೇ ವರ್ಷ ಸಾಯುವ ಎರಡು ದೊಡ್ಡ ಪ್ರಾಣಿಗಳ ಜಾಗ ತುಂಬುತ್ತವೆ. ಈಗ ಮನುಷ್ಯ ವರ್ಷಕ್ಕೆ ಎರಡು ತೆಗೆದರೆ? ಐದಾರು ವರ್ಷದಲ್ಲಿ ಆ ಕಣಿವೆ ಖಾಲಿ. 500 ಪ್ರಾಣಿಗಳಿರುವ ಕಡೆ ಲೆಕ್ಕಕ್ಕೇ ಸಿಗದ ಎರಡು, ಹತ್ತಿರುವ ಕಡೆ ಎಲ್ಲವೂ ಆಗುತ್ತದೆ.

ಕಾಡು ದೊಡ್ಡದು ಎನ್ನುವುದೂ ಇಲ್ಲಿ ರಕ್ಷಣೆಯಲ್ಲ. ಜಿಂಕೆಗಳು ಕಾಡಿನ ತುಂಬ ಸಮನಾಗಿ ಹರಡಿರುವುದಿಲ್ಲ. ಬೇಸಿಗೆಯ ನೀರಿನ ಗುಂಡಿ, ಹಣ್ಣು ಉದುರುವ ಮರದ ಬುಡ, ಬೇಣದ ಹುಲ್ಲು, ಗದ್ದೆಯ ಅಂಚು, ಇಂಥ ಕೆಲವೇ ಜಾಗಗಳಿಗೆ ಅವು ಬರಲೇಬೇಕು. ಅಲ್ಲಿ ಕಟ್ಟಿದ ಉರುಳಿಗೆ ವಯಸ್ಸು, ಗಂಡು, ಹೆಣ್ಣು ಎಂಬ ಭೇದವಿಲ್ಲ. ಹಂದಿಗೆ ಇಟ್ಟದ್ದರಲ್ಲಿ ಚಿರತೆಯೂ ಸಿಕ್ಕಿಬೀಳುತ್ತದೆ.

ಇದರ ಬಿಸಿ ಊರಿಗೂ ತಟ್ಟುತ್ತದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಬಲಿಪ್ರಾಣಿಗಳು ಬೇಕು. ಸಂಖ್ಯೆ ಕುಸಿಯದಂತೆ ಅಷ್ಟು ಸಿಗಬೇಕಾದರೆ ಸುತ್ತ ಸುಮಾರು 500 ಪ್ರಾಣಿಗಳಿರಬೇಕು. ಚದರ ಕಿಲೋಮೀಟರಿಗೆ 50 ಇದ್ದರೆ 10 ಚದರ ಕಿಲೋಮೀಟರ್ ಸಾಕು. ಎರಡೇ ಇದ್ದರೆ 250 ಬೇಕು. ಅಣಶಿ ಮತ್ತು ದಾಂಡೇಲಿ ಸೇರಿ 2007ರಲ್ಲಿ ಘೋಷಣೆಯಾದ, ಈಗ ಕಾಳಿ ಎಂದು ಕರೆಯುವ ಹುಲಿ ಸಂರಕ್ಷಿತ ಪ್ರದೇಶ ಅಷ್ಟು ವಿಶಾಲವಾಗಿರಬೇಕಾದದ್ದು ಇದೇ ಕಾರಣಕ್ಕೆ. ಕಾಡಿನಲ್ಲಿ ಊಟ ಸಿಗದಾಗ ಚಿರತೆ ಬರುವುದು ನಮ್ಮ ಕೊಟ್ಟಿಗೆಗೆ, ನಮ್ಮ ನಾಯಿಗೆ.

ಹಾಗಾದರೆ ನಾವೇನು ಮಾಡಬಹುದು?

ಉರುಳು ಕಂಡರೆ, ಬೇಟೆಯ ಸುಳಿವು ಸಿಕ್ಕರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಬೆಳೆ ಹಾನಿಯಾದರೆ ಫೋಟೊ ತೆಗೆದು ಇಲಾಖೆಗೆ ಪರಿಹಾರದ ಅರ್ಜಿ ಹಾಕಿ, ಉರುಳು ಕಟ್ಟಬೇಡಿ. ಕಾಡುಮಾಂಸ ಔಷಧಿ ಎನ್ನುವ ಮಾತಿಗೆ ವೈಜ್ಞಾನಿಕ ಆಧಾರವಿಲ್ಲ. ಕಾಡಿನಲ್ಲಿ ಓಡಾಡಿದ ಮೇಲೆ ಮೈಮೇಲೆ ಉಣ್ಣೆ ಹತ್ತಿದೆಯೇ ನೋಡಿಕೊಳ್ಳಿ, ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಗಿಡ ನೆಡುವಾಗ ಅಕೇಶಿಯಾ ಬಿಟ್ಟು ನೆಲ್ಲಿ, ನೇರಳೆ, ತಾರೆಯಂಥ ಊರಿನ ಹಣ್ಣಿನ ಮರ ಆರಿಸಿ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಜೀವನವಿಡೀ ಕಾಡಿನ ಮರದ ಬೀಜ ಆಯ್ದು ಸಸಿ ಬೆಳೆಸಿದ್ದನ್ನು ನಾವು ಮರೆಯುವುದು ಬೇಡ.

ಮುಂದಿನ ಸಲ ಘಟ್ಟ ಹತ್ತುವಾಗ ಜಿಂಕೆ ಕಾಣದಿದ್ದರೆ ಬೇಸರಪಡಬೇಡಿ. ಸಂಜೆ ಗಾಡಿ ನಿಲ್ಲಿಸಿ ಒಂದು ಕ್ಷಣ ಕಿವಿಗೊಡಿ. ದೂರದಲ್ಲಿ ಬೊಗಳಿದ್ದು ನಾಯಿಯೇ ಆಗಿರಬೇಕೆಂದಿಲ್ಲ.