ಪಾರ್ಶ್ವವಾಯುವಿನ ಬೇರನ್ನು ಅರಸಿದ ವೈದ್ಯ

ಪಾರ್ಶ್ವವಾಯು ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಲಕ್ವ ಎಂದೂ ಇದನ್ನು ಕರೆಯುವುದುಂಟು. ದೇಹದ ಒಂದು ಮಗ್ಗುಲಿನ ಕೈಕಾಲುಗಳು ಇದ್ದಕ್ಕಿದ್ದಂತೆ ಬಲಗುಂದುತ್ತವೆ. ಬಾಯಿ ಸೊಟ್ಟಗಾಗುತ್ತದೆ. ಮಾತು ತೊದಲುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. ಹೆಸರಿನಲ್ಲಿ ವಾಯು ಇದ್ದರೂ ಬೀಸುವ ಗಾಳಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ. ದೇಹದೊಳಗಿನ ವಾತವು ಕೆರಳಿದಾಗ ಹೀಗಾಗುತ್ತದೆಂದು ಪ್ರಾಚೀನರು ಭಾವಿಸಿದ್ದರು; ಆ ಭಾವನೆ ಹೆಸರಿನಲ್ಲಿ ಉಳಿದುಕೊಂಡಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಸ್ಟ್ರೋಕ್ ಎನ್ನುತ್ತಾರೆ, ಹಾಗೆಂದರೆ ಹೊಡೆತ. ಒಂದು ಹೆಸರು ಹಿಂದಿನವರ ಊಹೆಯನ್ನು ಹೇಳುತ್ತದೆ, ಇನ್ನೊಂದು ನೋಡಿದವರ ಭಯವನ್ನು ಹೇಳುತ್ತದೆ. ನಿಜವಾದ ಕಾರಣ ಎರಡರಲ್ಲಿಯೂ ಇಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಹಿರಿಯರೊಬ್ಬರ ಕೈಯಿಂದ ಒಂದು ಬೆಳಗ್ಗೆ ಕಾಫಿಯ ಲೋಟ ಜಾರಿ ಬಿತ್ತು. ಬೆರಳುಗಳಲ್ಲಿ ಹಿಡಿತವೇ ಇಲ್ಲವೆಂದು ಅವರು ಬೆರಗಾಗಿ ಹೇಳಿದರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೈ ಎಂದಿನಂತಾಯಿತು. ವಯಸ್ಸಾಯಿತೆಂದು ನಾವೆಲ್ಲ ನಕ್ಕೆವು, ಅವರೂ ನಕ್ಕರು. ನಾಲ್ಕನೆಯ ದಿನ ಅದೇ ಕೈ, ಅದೇ ಮಗ್ಗುಲಿನ ಕಾಲು ಎರಡೂ ಬಿದ್ದುಹೋದವು. ಪಾರಿವಾಳದ ರಕ್ತವನ್ನು ತಿಕ್ಕಿದರೆ ಗುಣವಾಗುವುದೆಂದು ಯಾರೋ ಹೇಳಿದರು, ಅದನ್ನೂ ಮಾಡಿದ್ದಾಯಿತು. ಆ ಮೊದಲ ಹತ್ತು ನಿಮಿಷಗಳ ಅರ್ಥವೇನೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ತರುವಾಯ, ಚಾರ್ಲ್ಸ್ ಮಿಲ್ಲರ್ ಫಿಷರ್ ಎಂಬ ವೈದ್ಯರ ಜೀವನವನ್ನು ಕುರಿತು ಓದಿದಾಗ.

ಮೊದಲು ಮಿದುಳಿನ ವಿಷಯವಾಗಿ ಒಂದೆರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಭಾಗ ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ಐದನೆಯ ಒಂದು ಪಾಲು ಅದಕ್ಕೇ ಬೇಕು. ಈ ಆಮ್ಲಜನಕವನ್ನು ಹೊತ್ತು ತರುವ ರಕ್ತವು ನಾಲ್ಕು ಧಮನಿಗಳ ಮೂಲಕ ತಲೆಯನ್ನು ಸೇರುತ್ತದೆ. ಎರಡು ಧಮನಿಗಳು ಕತ್ತಿನ ಮುಂಭಾಗದಲ್ಲಿಯೂ ಎರಡು ಹಿಂಭಾಗದಲ್ಲಿಯೂ ಇವೆ. ಮುಂಭಾಗದವುಗಳಿಗೆ ಕೆರಾಟಿಡ್ ಧಮನಿಗಳೆಂದು ಹೆಸರು. ದವಡೆಯ ಕೆಳಗೆ, ಗಂಟಲಿನ ಪಕ್ಕದಲ್ಲಿ ಎರಡು ಬೆರಳುಗಳನ್ನು ಮೆಲ್ಲನೆ ಇಟ್ಟು ನೋಡಿರಿ, ಅದರ ಮಿಡಿತ ತಿಳಿಯುತ್ತದೆ. (ಒಂದೇ ಕಡೆ ಇಡಬೇಕು, ಎರಡೂ ಕಡೆ ಒಟ್ಟಿಗೆ ಒತ್ತಬಾರದು.) ಮಿದುಳಿನ ಬಲಭಾಗವು ದೇಹದ ಎಡಮಗ್ಗುಲನ್ನೂ, ಎಡಭಾಗವು ಬಲಮಗ್ಗುಲನ್ನೂ ಆಳುತ್ತದೆ. ಆದುದರಿಂದ ಮಿದುಳಿನ ಬಲಭಾಗಕ್ಕೆ ರಕ್ತ ತಪ್ಪಿದರೆ ಎಡಗೈ, ಎಡಗಾಲು ಬೀಳುತ್ತವೆ. ರಕ್ತ ತಪ್ಪುವುದು ಎರಡು ಬಗೆಯಲ್ಲಿ. ನಾಳವು ಒಡೆದು ರಕ್ತ ಸೋರಬಹುದು, ಇಲ್ಲವೆ ನಾಳವು ಮುಚ್ಚಿಹೋಗಬಹುದು. ಒಡೆಯುವ ಬಗೆಯನ್ನು ಸ್ವಿಟ್ಸರ್ಲೆಂಡಿನ ವೆಪ್ಫರ್ ಎಂಬ ವೈದ್ಯನು 1658ರಷ್ಟು ಹಿಂದೆಯೇ ಶವಗಳನ್ನು ಪರೀಕ್ಷಿಸಿ ತೋರಿಸಿದ್ದನು. ಮುಚ್ಚುವ ಬಗೆಯೇ ಹೆಚ್ಚು ಸಾಮಾನ್ಯವಾದುದು. ಆದರೂ ಅದರ ನೆಲೆ ಎಲ್ಲಿ ಎಂಬುದು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಸ್ಪಷ್ಟವಾಗಿರಲಿಲ್ಲ.

ಫಿಷರ್ 1913ರಲ್ಲಿ ಕೆನಡಾ ದೇಶದ ಆಂಟೇರಿಯೊ ಪ್ರಾಂತದ ವಾಟರ್ಲೂ ಎಂಬ ಊರಿನಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿ 1938ರಲ್ಲಿ ವೈದ್ಯ ಪದವಿಯನ್ನು ಪಡೆದರು. ಮುಂದಿನ ತರಬೇತಿ ಸುಸೂತ್ರವಾಗಿ ನಡೆದಿದ್ದರೆ ಅವರು ಮೂವತ್ತರ ವಯಸ್ಸಿಗೆಲ್ಲ ನೆಲೆನಿಂತ ವೈದ್ಯರಾಗಿರುತ್ತಿದ್ದರು. ಆದರೆ 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಫಿಷರ್ ನೌಕಾಪಡೆಯ ವೈದ್ಯರಾಗಿ ಸೇರಿದರು. ಅವರಿದ್ದ ವೋಲ್ಟೇರ್ ಎಂಬ ಬ್ರಿಟಿಷ್ ಹಡಗನ್ನು 1941ರ ಏಪ್ರಿಲ್‌ನಲ್ಲಿ ಥಾರ್ ಎಂಬ ಜರ್ಮನ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿತು. ಗಂಟೆಗಟ್ಟಲೆ ನೀರಿನಲ್ಲಿದ್ದ ಫಿಷರರನ್ನು ಮೇಲೆತ್ತಿದವರು ಶತ್ರುಗಳೇ. ಅಲ್ಲಿಂದ ಸುಮಾರು ಮೂರೂವರೆ ವರ್ಷ ಅವರು ಜರ್ಮನಿಯ ಸೆರೆಶಿಬಿರದಲ್ಲಿದ್ದರು. 1944ರಲ್ಲಿ ಬಿಡುಗಡೆಯಾಗಿ ಊರಿಗೆ ಮರಳುವಾಗ ಅವರಿಗೆ ಮೂವತ್ತು ದಾಟಿತ್ತು. ಜೊತೆಯಲ್ಲಿ ಓದಿದವರು ಎಷ್ಟೋ ಮುಂದೆ ಹೋಗಿದ್ದರು.

ಹೀಗೆ ಹಿಂದೆ ಬಿದ್ದವರು ಆತುರಪಡುವುದು ಸಹಜ. ಫಿಷರ್ ಆತುರಪಡಲಿಲ್ಲ. ವೈಲ್ಡರ್ ಪೆನ್‌ಫೀಲ್ಡ್ ಎಂಬ ಪ್ರಸಿದ್ಧ ಶಸ್ತ್ರವೈದ್ಯರು 1934ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಸ್ಥಾಪಿಸಿದ್ದ ನರವಿಜ್ಞಾನ ಸಂಸ್ಥೆಯನ್ನು ಸೇರಿ ಮತ್ತೆ ಶಿಷ್ಯವೃತ್ತಿಯನ್ನು ಕೈಗೊಂಡರು. ಅದು ಮುಗಿದ ಮೇಲೂ ಸಾಲದೆಂದು 1949ರಲ್ಲಿ ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ, ರೇಮಂಡ್ ಆಡಮ್ಸ್ ಎಂಬವರ ಪ್ರಯೋಗಾಲಯದಲ್ಲಿ ತೀರಿಕೊಂಡವರ ಮಿದುಳುಗಳನ್ನು ಕೊಯ್ದು ಪರೀಕ್ಷಿಸುವ ಕೆಲಸವನ್ನು ಕಲಿತರು. ಇದು ಹೆಸರು ತರುವ ಕೆಲಸವಲ್ಲ, ಹಣ ತರುವ ಕೆಲಸವಂತೂ ಅಲ್ಲವೇ ಅಲ್ಲ. ಆದರೆ ಮುಂದಿನ ಅವರ ಎಲ್ಲ ಸಾಧನೆಗೂ ತಳಹದಿ ಬಿದ್ದದ್ದು ಅಲ್ಲಿಯೇ ಎಂದು ನನ್ನ ಎಣಿಕೆ. ಪಾರ್ಶ್ವವಾಯುವಿನಿಂದ ಸತ್ತವರ ಮಿದುಳಿನ ಒಂದು ಭಾಗ ಸತ್ತಿರುತ್ತಿತ್ತು. ಆದರೆ ಆ ಭಾಗಕ್ಕೆ ಹೋಗುವ ನಾಳವನ್ನು ಬಿಡಿಸಿ ನೋಡಿದರೆ ಅನೇಕ ವೇಳೆ ಅದು ತೆರೆದೇ ಇರುತ್ತಿತ್ತು. ಹಾಗಾದರೆ ರಕ್ತವನ್ನು ತಡೆದುದು ಯಾವುದು? ಬೇರೆಡೆ, ಮುಖ್ಯವಾಗಿ ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ಗರಣೆಯೊಂದು ತೇಲಿಬಂದು ಮಿದುಳಿನ ನಾಳದಲ್ಲಿ ಸಿಕ್ಕಿಕೊಂಡು, ಹಾನಿ ಮಾಡಿ, ಅನಂತರ ಕರಗಿ ಮುಂದೆ ಸಾಗಿಬಿಡಬಹುದೆಂದು ಆಡಮ್ಸ್ ಮತ್ತು ಫಿಷರ್ ತೋರಿಸಿಕೊಟ್ಟರು. ಕಳ್ಳನು ಮನೆಯನ್ನು ದೋಚಿಕೊಂಡು ಹೋದಮೇಲೆ ಬಾಗಿಲು ತೆರೆದಿದ್ದಂತೆ!

ಮಾಂಟ್ರಿಯಲ್‌ಗೆ ಹಿಂದಿರುಗಿದ ಫಿಷರ್ ಅಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿಯೂ ರೋಗಿಗಳನ್ನು ನೋಡುತ್ತಿದ್ದರು. ಅಲ್ಲಿ ಪಾರ್ಶ್ವವಾಯುವಿನಿಂದ ಮಲಗಿದ್ದ ಒಬ್ಬನು ಒಂದು ವಿಚಿತ್ರವಾದ ಮಾತನ್ನು ಹೇಳಿದನು. ಕೈಕಾಲು ಬೀಳುವುದಕ್ಕೆ ಮುಂಚೆ ಅವನ ಒಂದು ಕಣ್ಣು ಕೆಲವು ಸಲ ಸ್ವಲ್ಪ ಹೊತ್ತು ಕುರುಡಾಗಿ ಮತ್ತೆ ಸರಿಹೋಗಿತ್ತಂತೆ. ವಿಚಿತ್ರವೇನೆಂದರೆ, ಕುರುಡಾದದ್ದು ಬಿದ್ದುಹೋದ ಮಗ್ಗುಲಿನ ಕಣ್ಣಲ್ಲ, ಅದರ ಎದುರು ಮಗ್ಗುಲಿನದು. ರೋಗಿಗೆ ಎಡಬಲಗಳ ನೆನಪು ತಪ್ಪಿರಬೇಕೆಂದು ಯಾವ ವೈದ್ಯನಾದರೂ ಸುಮ್ಮನಾಗಿಬಿಡಬಹುದಾಗಿತ್ತು. ಓದು ಕಡಮೆಯಾದ ರೋಗಿಯ ಮಾತನ್ನು ತಿದ್ದುವುದು ಓದಿದವರಿಗೆ ಬಲು ಸುಲಭ. ಫಿಷರ್ ತಿದ್ದಲಿಲ್ಲ, ಅವನು ಹೇಳಿದುದು ನಿಜವಾಗಿದ್ದರೆ ಅದಕ್ಕೆ ಕಾರಣವೇನಿರಬಹುದು ಎಂದು ಯೋಚಿಸಿದರು.

ಈ ಯೋಚನೆಯನ್ನು ನಾವೂ ಹಿಂಬಾಲಿಸಬಹುದು. ಬಲಗಡೆಯ ಕೆರಾಟಿಡ್ ಧಮನಿಯನ್ನು ತೆಗೆದುಕೊಳ್ಳೋಣ. ಅದರ ಒಳಗಿನ ಕವಲು ಕತ್ತಿನಿಂದ ಮೇಲೇರಿ ತಲೆಬುರುಡೆಯನ್ನು ಹೊಕ್ಕು, ಮೊದಲು ಬಲಗಣ್ಣಿಗೆ ಒಂದು ಕಿರುನಾಳವನ್ನು ಕೊಡುತ್ತದೆ. ಆಮೇಲೆ ಮಿದುಳಿನ ಬಲಭಾಗಕ್ಕೆ ರಕ್ತವನ್ನು ಒಯ್ಯುತ್ತದೆ. ಬಲಭಾಗದ ಮಿದುಳು ಆಳುವುದು ಎಡಮಗ್ಗುಲನ್ನು. ಆದ್ದರಿಂದ ಈ ಒಂದು ಧಮನಿ ಕೆಟ್ಟರೆ ಬಲಗಣ್ಣು ಮಂಕಾಗಿ ಎಡಗೈ ಬೀಳಬೇಕು. ಎರಡು ತೊಂದರೆಗಳಿಗೂ ಒಂದೇ ಮೂಲ! ಆ ಮೂಲ ಕಣ್ಣಿಗೆ ಹೋಗುವ ಕವಲು ಒಡೆಯುವುದಕ್ಕಿಂತ ಕೆಳಗೆ, ಎಂದರೆ ಕತ್ತಿನ ಕಡೆಗೆ ಇರಲೇಬೇಕು. ವೈದ್ಯರು ಇಷ್ಟು ಕಾಲ ಮಿದುಳಿನೊಳಗೆ ಹುಡುಕುತ್ತಿದ್ದ ಅಪರಾಧಿ ತಲೆಯಿಂದ ಹೊರಗೆ ಕುಳಿತಿದ್ದನು.

ಹಾಗಾದರೆ ಅಷ್ಟೊಂದು ಶವಪರೀಕ್ಷೆಗಳಲ್ಲಿ ಇದು ಏಕೆ ಕಾಣಲಿಲ್ಲವೆಂದು ನೀವು ಕೇಳಬಹುದು. ಕಾರಣವನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಆ ದೇಶಗಳಲ್ಲಿ ಅಂತ್ಯಕ್ರಿಯೆಗೆ ಮೊದಲು ಮೃತರ ಮುಖವನ್ನು ಬಂಧುಗಳಿಗೆ ತೋರಿಸುವ ವಾಡಿಕೆಯುಂಟು. ಮುಖ ಕೆಡದಿರಲೆಂದು ಕತ್ತಿನ ಧಮನಿಗಳ ಮೂಲಕ ಔಷಧದ್ರವವನ್ನು ಹಾಯಿಸುತ್ತಾರೆ. ಆದಕಾರಣ ಶವಪರೀಕ್ಷೆ ಮಾಡುವವರು ಎದೆ, ಹೊಟ್ಟೆ, ತಲೆಗಳನ್ನು ನೋಡುತ್ತಿದ್ದರೇ ಹೊರತು ಕತ್ತಿನ ತಂಟೆಗೆ ಹೋಗುತ್ತಿರಲಿಲ್ಲ. ರೋಗದ ಬೇರು ಇದ್ದ ಆ ಕೆಲವೇ ಅಂಗುಲಗಳ ಜಾಗವು ಹೀಗೆ ಎಲ್ಲರ ಕಣ್ಣಿಗೂ ಮರೆಯಾಗಿತ್ತು. ಫಿಷರ್ ಕತ್ತನ್ನು ಬಿಡಿಸಿ ನೋಡಿದರು. ಧಮನಿಯು ಎರಡಾಗಿ ಕವಲೊಡೆಯುವ ಸ್ಥಳದಲ್ಲಿ, ಗೋಡೆಗೆ ಕೊಬ್ಬು ಮೆತ್ತಿ, ಗರಣೆ ಕಟ್ಟಿ ಅದು ಮುಚ್ಚಿಹೋಗಿತ್ತು.

1951ರಲ್ಲಿ ಅವರು ಈ ವಿಷಯವನ್ನು ಪ್ರಬಂಧವಾಗಿ ಪ್ರಕಟಿಸಿದರು. ಕತ್ತಿನಲ್ಲಿರುವ ಧಮನಿಯನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ದಿನ ಮುಂದೊಮ್ಮೆ ಬರಬಹುದೆಂಬ ನಿರೀಕ್ಷೆಯನ್ನೂ ಅದರಲ್ಲಿ ಸೂಚಿಸಿದರು. ಆ ದಿನ ಬಹುಬೇಗನೆ ಬಂದಿತು. 1954ರಲ್ಲಿಯೇ ಲಂಡನ್ನಿನ ವೈದ್ಯರು ಅಂಥ ಒಂದು ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದರು. ಆದರೆ ಕತ್ತಿಯು ಎಲ್ಲರಿಗೂ ಹಿತವೇ? ಅದನ್ನು ನಿರ್ಣಯಿಸಲು ಇನ್ನೂ ಹಲವು ವರ್ಷಗಳು ಹಿಡಿದವು. ಕೆನಡಾದ ಹೆನ್ರಿ ಬಾರ್ನೆಟ್ ಎಂಬ ವೈದ್ಯರ ನೇತೃತ್ವದಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲ 1991ರಲ್ಲಿ ಹೊರಬಂದಿತು. ಎಚ್ಚರಿಕೆಯ ಲಕ್ಷಣಗಳು ಕಂಡಿದ್ದು, ಧಮನಿಯು ನೂರಕ್ಕೆ 70ಕ್ಕಿಂತ ಹೆಚ್ಚಾಗಿ ಕಿರಿದಾಗಿದ್ದವರಲ್ಲಿ, ಬರಿಯ ಔಷಧವನ್ನು ಪಡೆದ ನೂರು ಮಂದಿಯ ಪೈಕಿ ಎರಡು ವರ್ಷಗಳಲ್ಲಿ 26 ಮಂದಿಗೆ ಅದೇ ಕಡೆಯ ಧಮನಿಯಿಂದ ಪಾರ್ಶ್ವವಾಯು ತಗುಲಿತು. ಶಸ್ತ್ರಚಿಕಿತ್ಸೆಯನ್ನೂ ಪಡೆದವರಲ್ಲಿ 9 ಮಂದಿಗೆ.

ಎಚ್ಚರಿಕೆಯ ಲಕ್ಷಣಗಳೆಂದೆನಷ್ಟೆ. ಫಿಷರರ ಕೊಡುಗೆಗಳಲ್ಲಿ ನನಗೆ ಅತಿ ಮುಖ್ಯವಾಗಿ ತೋರುವುದು ಇದೇ. ಕೆಲವು ನಿಮಿಷ ಮಾತು ತಪ್ಪುವುದು, ಕೈ ಸೋಲುವುದು, ಕಣ್ಣು ಕತ್ತಲೆಗಟ್ಟುವುದು, ಮತ್ತೆ ಏನೂ ಆಗಲಿಲ್ಲವೆಂಬಂತೆ ಸರಿಹೋಗುವುದು: ಇಂಥವನ್ನು ಹಿಂದಿನ ವೈದ್ಯರು ನಾಳಗಳು ಸೆಟೆದುಕೊಳ್ಳುವುದರಿಂದ ಆಗುವ ಕ್ಷಣಿಕ ತೊಂದರೆಯೆಂದು ಬಗೆಯುತ್ತಿದ್ದರು. ಇವು ಮುಂಬರುವ ದೊಡ್ಡ ಹೊಡೆತದ ಮುನ್ಸೂಚನೆಗಳು ಎಂಬುದನ್ನು ಫಿಷರ್ ರೋಗಿಗಳ ಮಾತುಗಳಿಂದಲೇ ಸಂಗ್ರಹಿಸಿ ಮತ್ತೆ ಮತ್ತೆ ಬರೆದರು. ಎಲ್ಲರಿಗೂ ಇಂಥ ಸೂಚನೆ ಸಿಗುವುದಿಲ್ಲ. ಸಿಕ್ಕವರಿಗೆ ಅದು ಕೆಲವು ದಿನಗಳ, ಕೆಲವೊಮ್ಮೆ ಕೆಲವೇ ಗಂಟೆಗಳ ಅವಕಾಶ. ಜಾರಿಬಿದ್ದ ಆ ಕಾಫಿಯ ಲೋಟ ನನಗೆ ಈಗಲೂ ನೆನಪಾಗುತ್ತದೆ.

1954ರಲ್ಲಿ ಫಿಷರ್ ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯನ್ನು ಸೇರಿದರು. 1846ರಲ್ಲಿ ಈಥರ್ ಎಂಬ ಅರಿವಳಿಕೆಯನ್ನು ಕೊಟ್ಟು ನೋವಿಲ್ಲದೆ ಶಸ್ತ್ರಕ್ರಿಯೆ ನಡೆಸಿ ಲೋಕಕ್ಕೆ ತೋರಿಸಿದ ಆಸ್ಪತ್ರೆ ಅದು. ಅವರ ಗುರು ಆಡಮ್ಸ್ ಆಗ ಅಲ್ಲಿ ನರರೋಗ ವಿಭಾಗದ ಮುಖ್ಯಸ್ಥರಾಗಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆದ ಫಿಷರ್ ಉಳಿದ ವೃತ್ತಿಜೀವನವನ್ನೆಲ್ಲ ಅಲ್ಲಿಯೇ ಕಳೆದರು. ಮಿದುಳಿನ ಆಳದಲ್ಲಿ ಕಾಣಸಿಗುವ ಚಿಕ್ಕ ಚಿಕ್ಕ ಕುಳಿಗಳ ಕಡೆಗೆ ಈಗ ಅವರ ಗಮನ ಹರಿಯಿತು. ಫ್ರೆಂಚ್ ವೈದ್ಯರು ಇವುಗಳಿಗೆ ಲ್ಯಾಕ್ಯೂನ್ ಎಂದು ಹೆಸರಿಟ್ಟು ನೂರು ವರ್ಷಗಳಿಗೂ ಮೇಲಾಗಿತ್ತು. ಆದರೆ ಅವು ರೋಗಿಯ ಬದುಕಿನಲ್ಲಿ ಏನು ಮಾಡುತ್ತವೆಂದು ತಿಳಿದಿರಲಿಲ್ಲ. ಫಿಷರ್ 1042 ಮಿದುಳುಗಳನ್ನು ಒಂದಾದಮೇಲೊಂದರಂತೆ ಪರೀಕ್ಷಿಸಿದರು. 114ರಲ್ಲಿ ಈ ಕುಳಿಗಳಿದ್ದವು. ಎಣಿಸಿದಾಗ ಒಟ್ಟು 376 ಆದವು. ದೊಡ್ಡ ಕುಳಿಯೂ ಒಂದೂವರೆ ಸೆಂಟಿಮೀಟರಿನಷ್ಟೇ. ಅವನ್ನು ಹೊತ್ತಿದ್ದವರಲ್ಲಿ ಹೆಚ್ಚು ಕಡಮೆ ಎಲ್ಲರಿಗೂ ರಕ್ತದೊತ್ತಡದ ಕಾಯಿಲೆಯಿತ್ತು. ಕೂದಲಿನಂಥ ಕಿರುನಾಳಗಳನ್ನು ತೆಳುವಾದ ಪದರಪದರಗಳಾಗಿ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ಸಾಲಾಗಿ ನೋಡುತ್ತ, ನಾಳವು ಎಲ್ಲಿ ಮುಚ್ಚಿದೆಯೆಂಬ ಸ್ಥಳವನ್ನೇ ಅವರು ಹಿಡಿದರು. ಒಂದು ನಾಳಕ್ಕೆ ಎಷ್ಟು ದಿನ ಬೇಕಾಗಿರಬಹುದೆಂದು ಯೋಚಿಸಿ ನೋಡಿರಿ! ಮುಖ, ಕೈ, ಕಾಲುಗಳು ಬಿದ್ದುಹೋಗಿ, ಮಾತು, ಬುದ್ಧಿ, ಸ್ಪರ್ಶಜ್ಞಾನಗಳು ಮಾತ್ರ ಸ್ವಲ್ಪವೂ ಕೆಡದಿರುವ ರೋಗಿಯಲ್ಲಿ ಇಂಥ ಕುಳಿಯೊಂದು ಎಲ್ಲಿರುತ್ತದೆಂದು 1965ರಲ್ಲಿ ಅವರು ಹೇಳಿದರು. ಆಗ ಜೀವಂತ ಮಿದುಳಿನ ಒಳಗನ್ನು ತೋರಿಸುವ ಯಂತ್ರಗಳು ಇನ್ನೂ ಬಂದಿರಲಿಲ್ಲ. ಮೊದಲ ಸಿ.ಟಿ. ಚಿತ್ರವನ್ನು ತೆಗೆದದ್ದು 1971ರಲ್ಲಿ.

ಅವರಿಗಿಂತ ಮೊದಲು ಪಾರ್ಶ್ವವಾಯುವೆಂದರೆ ನರರೋಗ ತಜ್ಞರಿಗೆ ಅಷ್ಟೇನೂ ಆಸಕ್ತಿಯಿರಲಿಲ್ಲ. ಮಾಡುವುದೇನೂ ಇಲ್ಲ, ಹಾಸಿಗೆಯ ಮೇಲೆ ಮಲಗಿಸಿರುವುದಷ್ಟೇ ಎಂಬ ನಂಬಿಕೆ. ಈ ಒಂದೇ ರೋಗವನ್ನು ಅಭ್ಯಾಸ ಮಾಡಬಯಸುವ ತರುಣ ವೈದ್ಯರಿಗೆ ಫಿಷರ್ ತಮ್ಮ ವಿಭಾಗದಲ್ಲಿ ವಿಶೇಷ ತರಬೇತಿಯನ್ನು ಆರಂಭಿಸಿದರು. ಲೂಯಿ ಕ್ಯಾಪ್ಲನ್, ಜೆ. ಪಿ. ಮೋರ್ ಮುಂತಾದವರು ಹೀಗೆ ಅವರ ಬಳಿ ಕಲಿತವರು. ಈ ಶಿಷ್ಯರು ಜೊತೆಗೂಡಿ 694 ರೋಗಿಗಳ ವಿವರಗಳನ್ನು ಕ್ರಮವಾಗಿ ದಾಖಲಿಸಿ 1978ರಲ್ಲಿ ಪ್ರಕಟಿಸಿದರು. ಫಿಷರ್ ಕಲಿಸುತ್ತಿದ್ದುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಒಬ್ಬನೇ ರೋಗಿಯ ಬಳಿ ಬಹಳ ಹೊತ್ತು ಕುಳಿತು, ತೊಂದರೆ ಶುರುವಾದದ್ದು ಯಾವಾಗ, ಆಗ ಏನು ಮಾಡುತ್ತಿದ್ದೆ, ಮೊದಲು ಬೆರಳೋ ತುಟಿಯೋ ಎಂದು ವಿಚಾರಿಸುವರು, ಕಂಡದ್ದನ್ನೆಲ್ಲ ಬರೆದಿಡುವರು. ಈಗ ಅಮೆರಿಕದಲ್ಲಿ ಪಾರ್ಶ್ವವಾಯು ತಜ್ಞನಾಗಬೇಕಾದರೆ ವೈದ್ಯ ಪದವಿಯ ತರುವಾಯ ನರರೋಗಶಾಸ್ತ್ರದಲ್ಲಿ ನಾಲ್ಕು ವರ್ಷ, ಅದರ ಮೇಲೆ ಈ ರೋಗವೊಂದರಲ್ಲಿಯೇ ಕನಿಷ್ಠ ಒಂದು ವರ್ಷ ತರಬೇತಿ ಪಡೆಯಬೇಕು.

ಗರಣೆಯನ್ನು ಕರಗಿಸುವ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಅನೇಕರು ಚೇತರಿಸಿಕೊಳ್ಳುವರೆಂದು 1995ರಲ್ಲಿ ಸಿದ್ಧವಾದುದನ್ನು ಫಿಷರ್ ಕಂಡರು. ನಾಳದೊಳಗೆ ತೆಳುವಾದ ನಳಿಕೆಯನ್ನು ತೂರಿಸಿ ಗರಣೆಯನ್ನೇ ಹೊರಗೆಳೆಯುವ ಚಿಕಿತ್ಸೆ 2015ರಲ್ಲಿ ಸ್ಥಿರಪಟ್ಟಿತು. ಅದನ್ನು ನೋಡಲು ಅವರಿರಲಿಲ್ಲ. 2012ರಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಿದ್ದರು. ಇಂದು ಯಾರಾದರೂ ಆಸ್ಪತ್ರೆಗೆ ಬಂದು, ಬೆಳಗ್ಗೆ ಒಂದು ಕಣ್ಣು ಹತ್ತು ನಿಮಿಷ ಕತ್ತಲೆಗಟ್ಟಿ ಈಗ ಸರಿಯಾಗಿದೆ ಎಂದು ಹೇಳಿದರೆ, ಬಲ್ಲ ವೈದ್ಯರು ಅವರನ್ನು ಮನೆಗೆ ಕಳುಹಿಸುವುದಿಲ್ಲ. ಕಣ್ಣನ್ನು ನೋಡಿ, ಎದೆಬಡಿತವನ್ನು ಪರೀಕ್ಷಿಸಿ, ಆಮೇಲೆ ಆ ಕಣ್ಣಿನ ಕಡೆಯ ಕತ್ತಿನ ಧಮನಿಯಲ್ಲಿ ರಕ್ತ ಸರಾಗವಾಗಿ ಹರಿಯುತ್ತಿದೆಯೇ ಎಂಬುದನ್ನು ಅದೇ ದಿನ ಯಂತ್ರವಿಟ್ಟು ನೋಡಿಸುತ್ತಾರೆ.