ರೇಡಿಯೋ ಅಲೆಗಳು ತಿದ್ದುವ ಗಡಿಯಾರ

ಜರ್ಮನಿಯಿಂದ ಬಂದ ಬಂಧುಗಳು ಕಮಲಾಪುರದ ನಿಮ್ಮ ಮನೆಗೆ ಗೋಡೆ ಗಡಿಯಾರವೊಂದನ್ನು ಉಡುಗೊರೆ ಕೊಟ್ಟಿದ್ದಾರೆ ಎಂದುಕೊಳ್ಳಿ. ರೇಡಿಯೋ ಅಲೆಗಳ ನೆರವಿನಿಂದ ಅದು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆಯಂತೆ. ಮೊದಲ ದಿನ ನೀವು ಕೈಯಿಂದ ನಮ್ಮ ವೇಳೆಗೆ ಹೊಂದಿಸಿದಿರಿ. ವರ್ಷ ಕಳೆಯುವಷ್ಟರಲ್ಲಿ ಅದು ಮೂರು ನಿಮಿಷ ಹಿಂದೆ ಬಿದ್ದಿತು. ಗಡಿಯಾರ ಕೆಟ್ಟಿದೆಯೆ? ಇಲ್ಲ. ಕಾರಣವನ್ನು ನೋಡೋಣ.

ರೇಡಿಯೋ ಅಲೆಗಳೂ ಬೆಳಕಿನಂತೆ ವಿದ್ಯುತ್ಕಾಂತೀಯ ಅಲೆಗಳೇ. ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಮೀ. ಈ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. ಕಲಬುರಗಿ ಆಕಾಶವಾಣಿಯ ಮಧ್ಯಮ ತರಂಗ ಪ್ರಸಾರವನ್ನು 1107 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರು ಬಹಳ ಮಂದಿ. ಆ ಅಲೆಯ ಉದ್ದ ಸುಮಾರು 271 ಮೀಟರ್. ಅದು ಕಲಬುರಗಿಯಿಂದ ಕಮಲಾಪುರ ತಲುಪಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಕಾಲ ಸಾಕು!

ಜರ್ಮನಿಯ ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗೆನ್‌ನಲ್ಲಿ ಡಿಸಿಎಫ್77 ಎಂಬ ಪ್ರೇಷಕವಿದೆ. ಇದರ ಆವೃತ್ತಿ 77.5 ಕಿಲೋಹರ್ಟ್ಸ್, ಅಲೆಯ ಉದ್ದ ಸುಮಾರು 3,870 ಮೀಟರ್. ಪರಮಾಣು ಗಡಿಯಾರಗಳ ನಿಯಂತ್ರಣದಲ್ಲಿರುವ ಈ ಪ್ರೇಷಕ ಪ್ರತಿ ಸೆಕೆಂಡಿನ ಆರಂಭದಲ್ಲಿ ತನ್ನ ಅಲೆಯನ್ನು ಕ್ಷಣಕಾಲ ಕುಗ್ಗಿಸುತ್ತದೆ. ಕುಗ್ಗಿದ ಅವಧಿ 0.1 ಸೆಕೆಂಡಾದರೆ '0', 0.2 ಸೆಕೆಂಡಾದರೆ '1'. ನಿಮಿಷದ ಕೊನೆಯ ಸೆಕೆಂಡಿನಲ್ಲಿ ಮಾತ್ರ ಕುಗ್ಗುವಿಕೆ ಇರುವುದಿಲ್ಲ. ಮುಂದಿನ ನಿಮಿಷ ಬಂತೆಂಬುದಕ್ಕೆ ಅದೇ ಸೂಚನೆ. ಗಡಿಯಾರದೊಳಗೆ ಫೆರೈಟ್ ಸರಳಿಗೆ ಸುತ್ತಿದ ತಂತಿಸುರುಳಿಯೇ ಆಂಟೆನಾ. ಒಂದು ನಿಮಿಷದ ಸೊನ್ನೆ-ಒಂದುಗಳನ್ನು ಕೂಡಿಸಿ ಗಡಿಯಾರವು ಗಂಟೆ, ನಿಮಿಷ, ದಿನಾಂಕಗಳನ್ನು ಓದಿಕೊಳ್ಳುತ್ತದೆ.

ಇಂಥ ದೀರ್ಘ ಅಲೆಗಳು ನೆಲದ ಬಾಗಿಗೆ ಹೊಂದಿಕೊಂಡು ಸಾಗುತ್ತವೆ. ಆದರೂ ಈ ಪ್ರಸಾರವನ್ನು ನೆಚ್ಚಬಹುದಾದದ್ದು ಸುಮಾರು 2,000 ಕಿಮೀ ವರೆಗೆ ಮಾತ್ರ. ಕಲಬುರಗಿ ಅಲ್ಲಿಂದ ಸುಮಾರು 7,000 ಕಿಮೀ ದೂರ. ಭಾರತದಲ್ಲಿ ಇಂಥ ಗಡಿಯಾರಗಳಿಗಾಗಿ ದೀರ್ಘತರಂಗ ಪ್ರೇಷಕವಿಲ್ಲ. ಆದ್ದರಿಂದ ನಿಮ್ಮ ಉಡುಗೊರೆ ಇಲ್ಲಿ ಬರಿಯ ಕ್ವಾರ್ಟ್ಸ್ ಗಡಿಯಾರ. ಅದರೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸಬೇಕು. ಉಷ್ಣತೆ ಬದಲಾದರೆ ಕಂಪನವೂ ತುಸು ಬದಲಾಗುತ್ತದೆ. ತಿಂಗಳಿಗೆ 15 ಸೆಕೆಂಡು ತಪ್ಪಿದರೆ ವರ್ಷಕ್ಕೆ ಮೂರು ನಿಮಿಷ!

ಹಾಗಾದರೆ ಶಾಲೆಯ ಗಡಿಯಾರವನ್ನು ಯಾವುದಕ್ಕೆ ಹೊಂದಿಸಬೇಕು? ಭಾರತೀಯ ಶಿಷ್ಟ ಸಮಯವನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಂತರಜಾಲದಿಂದ ಸಮಯ ಪಡೆಯುವ ಗಣಕವು ಸಂದೇಶ ಹೋಗಿಬರುವ ಅವಧಿಯನ್ನು ಅಳೆದು, ಅದರ ಅರ್ಧವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಜಿಪಿಎಸ್ ಗ್ರಾಹಕವು 20,200 ಕಿಮೀ ಎತ್ತರದ ಉಪಗ್ರಹಗಳಿಂದ ಅಲೆ ಬರಲು ಹಿಡಿದ ಕಾಲವನ್ನೂ ಲೆಕ್ಕಹಾಕುತ್ತದೆ. ಇವೆರಡೂ ನಂಬತಕ್ಕವು.

ಒಂದು ಎಚ್ಚರಿಕೆ. ವಾರ್ತೆಗೆ ಮುನ್ನ ಬರುವ 'ಪಿಪ್' ಸದ್ದನ್ನು ರೇಡಿಯೋ ಸೆಟ್ಟಿನಲ್ಲೂ ಮೊಬೈಲ್ ಆಪ್‌ನಲ್ಲೂ ಒಟ್ಟಿಗೆ ಕೇಳಿ ನೋಡಿ. ಆಪ್ ಹಲವು ಸೆಕೆಂಡು ಹಿಂದಿರುತ್ತದೆ. ಧ್ವನಿಯನ್ನು ಅಂಕಿಗಳಾಗಿಸಿ, ಒಂದಿಷ್ಟು ಕೂಡಿಟ್ಟುಕೊಂಡು ನುಡಿಸುವುದೇ ಇದಕ್ಕೆ ಕಾರಣ. ಈ ವಿಳಂಬವನ್ನು ವಿದ್ಯಾರ್ಥಿಗಳಿಂದಲೇ ಅಳೆಸಿರಿ. ಅಲೆಯ ಪಯಣದಲ್ಲಿ ಕಳೆಯುವ ಕಾಲ ಎಷ್ಟು, ಯಂತ್ರದಲ್ಲಿ ಕಳೆಯುವ ಕಾಲ ಎಷ್ಟು ಎಂಬುದು ಅವರಿಗೆ ಆಗ ತಾನಾಗಿ ಹೊಳೆಯುತ್ತದೆ.